ಬುದ್ಧಿಶಕ್ತಿಯ ಬಗೆಗಳು

ಮನುಷ್ಯನ ಬುದ್ಧಿಶಕ್ತಿ ಒಂದೇ ಸಾಮರ್ಥ್ಯವೋ ಅಥವಾ ಒಂದಕ್ಕೊಂದು ಅಂಟಿಕೊಳ್ಳದ ಹಲವು ಸಾಮರ್ಥ್ಯಗಳೋ ಎಂಬುದು ಮನೋವಿಜ್ಞಾನದ ಹಳೆಯ ತಕರಾರು. ಶಾಲಾಮಕ್ಕಳ ಸಾಧನೆಯನ್ನು ತಾಳೆ ಹಾಕಿದ ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್‌ಮನ್, ಒಂದು ವಿಷಯದಲ್ಲಿ ಮುಂದಿರುವವರು ಬೇರೆ ವಿಷಯಗಳಲ್ಲೂ ಸಾಮಾನ್ಯವಾಗಿ ಮುಂದಿರುವುದನ್ನು ಗಮನಿಸಿದರು. ಇದಕ್ಕೆಲ್ಲ ಮೂಲವಾದ ಸಾಮಾನ್ಯ ಬುದ್ಧಿಶಕ್ತಿಯೊಂದು ಇದೆಯೆಂದು 1904ರಲ್ಲಿ ವಾದಿಸಿದರು. ಅದಕ್ಕೆ ಮುಂದೆ 'ಜಿ' ಎಂಬ ಹೆಸರು ನಿಂತಿತು.

ಅಮೆರಿಕದ ಎಲ್. ಎಲ್. ಥರ್‌ಸ್ಟನ್ ಇದನ್ನು ಒಪ್ಪದೆ 1938ರಲ್ಲಿ ಪದಗ್ರಹಣ, ಸಂಖ್ಯೆ, ಸ್ಮೃತಿ, ತರ್ಕ ಮೊದಲಾದ ಏಳು ಮೂಲ ಸಾಮರ್ಥ್ಯಗಳನ್ನು ಮುಂದಿಟ್ಟರು. ಸ್ಪಿಯರ್‌ಮನ್ನರ ಶಿಷ್ಯ ರೇಮಂಡ್ ಕ್ಯಾಟೆಲ್ 'ಜಿ'ಯನ್ನೇ ಎರಡಾಗಿ ಸೀಳಿದರು: ಹೊಸ ಸಮಸ್ಯೆಯನ್ನು ಬಿಡಿಸುವ ದ್ರವ ಬುದ್ಧಿ, ಕಲಿಕೆಯಿಂದ ಕೂಡಿಬಂದ ಸ್ಫಟಿಕ ಬುದ್ಧಿ. ಮೊದಲನೆಯದು ಯೌವನದ ನಂತರ ಇಳಿಮುಖವಾಗುತ್ತದೆ. ಎರಡನೆಯದು ಬಹುಕಾಲ ಉಳಿಯುತ್ತದೆ, ಬೆಳೆಯುವುದೂ ಉಂಟು. ವಯಸ್ಸಾದವರಿಗೆ ಹೊಸ ಮೊಬೈಲು ತೊಡಕೆನಿಸಿದರೂ ಪದಸಂಪತ್ತು ಕುಂದದಿರುವುದನ್ನು ಈ ವಿಂಗಡಣೆ ಚೆನ್ನಾಗಿ ವಿವರಿಸುತ್ತದೆ.

ಸಾಮಾನ್ಯ ಓದುಗರಿಗೆ ಹೆಚ್ಚು ಪರಿಚಿತವಾದದ್ದು ಹಾರ್ವರ್ಡಿನ ಹೊವಾರ್ಡ್ ಗಾರ್ಡ್ನರ್ 1983ರಲ್ಲಿ ಮಂಡಿಸಿದ ಬಹುಬುದ್ಧಿ ಸಿದ್ಧಾಂತ. ಭಾಷೆ, ತರ್ಕ-ಗಣಿತ, ಅವಕಾಶಗ್ರಹಣ (ಜಾಗ, ಆಕಾರಗಳ ಅರಿವು), ಸಂಗೀತ, ದೇಹಚಲನೆ, ಪರರನ್ನು ಅರಿಯುವುದು, ತನ್ನನ್ನು ಅರಿಯುವುದು ಎಂಬ ಏಳಕ್ಕೆ ಅವರು ಬಳಿಕ ನಿಸರ್ಗಬುದ್ಧಿಯನ್ನೂ ಸೇರಿಸಿದರು. ಮಿದುಳಿಗೆ ಪೆಟ್ಟಾದಾಗ ಒಂದು ಸಾಮರ್ಥ್ಯ ಅಳಿದು ಇನ್ನೊಂದು ಉಳಿಯುವುದು ಅವರಿಗೆ ಮುಖ್ಯ ಆಧಾರಗಳಲ್ಲೊಂದು. ಅಂಕಪಟ್ಟಿಯಲ್ಲಿ ಹಿಂದುಳಿದ ಮಗುವಿನಲ್ಲೂ ಪ್ರತಿಭೆ ಕಾಣಬಹುದೆಂಬ ಕಾರಣಕ್ಕೆ ಶಿಕ್ಷಕರು ಇದನ್ನು ಅಪ್ಪಿಕೊಂಡರು. ಆದರೆ ಪುರಾವೆ ಸಿದ್ಧಾಂತದ ಜನಪ್ರಿಯತೆಯಷ್ಟು ಗಟ್ಟಿಯಾಗಿಲ್ಲ. ಭಾಷೆ, ತರ್ಕ, ಅವಕಾಶಗ್ರಹಣದ ಪರೀಕ್ಷೆಗಳಲ್ಲಿ ಬರುವ ಅಂಕಗಳು ಒಟ್ಟೊಟ್ಟಿಗೇ ಏರಿಳಿಯುವುದರಿಂದ ಅವು ಸ್ವತಂತ್ರ ಬುದ್ಧಿಗಳೆನ್ನುವುದು ಕಷ್ಟ. ಸಂಗೀತ, ದೇಹಚಲನೆಗಳನ್ನು ಬುದ್ಧಿಯೆನ್ನದೆ ಪ್ರತಿಭೆಯೆಂದರೆ ಸಾಕೆಂದು ವಿಮರ್ಶಕರ ವಾದ. ಪ್ರತಿ ಮಗುವಿಗೂ ಒಂದೊಂದು 'ಕಲಿಕಾ ಶೈಲಿ' ಇದೆಯೆಂಬ ಮಾತಿಗೆ ಈ ಸಿದ್ಧಾಂತದ ಹೆಸರು ಹೇಳುವುದಂತೂ ಸರಿಯಲ್ಲ. ಎರಡೂ ಬೇರೆಯೆಂದು ಗಾರ್ಡ್ನರ್ ಅವರೇ ಹೇಳಿದ್ದಾರೆ.

ರಾಬರ್ಟ್ ಸ್ಟರ್ನ್‌ಬರ್ಗ್ 1985ರಲ್ಲಿ ವಿಶ್ಲೇಷಣೆ, ಸೃಜನಶೀಲತೆ, ವ್ಯವಹಾರಜ್ಞಾನ ಎಂಬ ಮೂರು ಮುಖಗಳನ್ನು ಗುರುತಿಸಿದರು. ಸಾಲೊವೆ ಮತ್ತು ಮೇಯರ್ 1990ರಲ್ಲಿ ವಿವರಿಸಿದ ಭಾವನಾತ್ಮಕ ಬುದ್ಧಿಯನ್ನು ಡೇನಿಯಲ್ ಗೋಲ್‌ಮನ್ನರ 1995ರ ಪುಸ್ತಕ ಮನೆಮಾತಾಗಿಸಿತು.

ಬುದ್ಧಿ ಒಂದೇ ಎಂಬ ಮತ್ತು ಹಲವು ಎಂಬ ವಾದಗಳ ನಡುವೆ ರಾಜಿಯಂತಿರುವುದು ಜಾನ್ ಕ್ಯಾರೊಲ್ 1993ರಲ್ಲಿ ರೂಪಿಸಿದ ಮೂರು ಸ್ತರಗಳ ಮಾದರಿ. ಅದರಲ್ಲಿ ತುದಿಯಲ್ಲಿ 'ಜಿ', ನಡುವೆ ದ್ರವ ಮತ್ತು ಸ್ಫಟಿಕ ಬುದ್ಧಿಗಳಂಥ ವಿಶಾಲ ಸಾಮರ್ಥ್ಯಗಳು, ತಳದಲ್ಲಿ ಬಿಡಿ ಕೌಶಲಗಳಿವೆ. ಇಂದಿನ ಹಲವು ಬುದ್ಧಿಪರೀಕ್ಷೆಗಳ ರಚನೆಗೆ ಇದೇ ಧಾಟಿ ಆಧಾರ. ಭಾರತದಲ್ಲಾದರೋ, ಆಲ್ಫ್ರೆಡ್ ಬಿನೆಯವರ ಹಳೆಯ ಬುದ್ಧಿಮಾಪಕವನ್ನು ವಿ. ವಿ. ಕಾಮತ್ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿ ರೂಪಿಸಿದ ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ.