ಮೇಷ್ಟ್ರು, ಮೇಸ್ತ್ರಿ

ಹೋದ ತಿಂಗಳು ಮನೆಯ ಹಿಂದಿನ ಕಾಂಪೌಂಡು ಕಟ್ಟಿಸುತ್ತಿದ್ದೆ. ಕಟ್ಟುತ್ತಿದ್ದವರಿಗೆ ಅರವತ್ತು ದಾಟಿತ್ತು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಆ ಕಡೆಯಿಂದ ಬಂದಾಗ ಮರಳು ಹೊರುತ್ತಿದ್ದ ಹುಡುಗರು ತಲೆಗೆ ಸುತ್ತಿದ್ದ ಟವೆಲ್ ತೆಗೆದು ದಾರಿ ಬಿಟ್ಟರು. ಅದಾಗಿ ಐದು ನಿಮಿಷಕ್ಕೆ ಪಕ್ಕದ ಮನೆಯ ಯುವಕ ಗೇಟಿನಿಂದಲೇ ಕೂಗಿದ: ‘ಏ ಮೇಸ್ತ್ರಿ, ಬಾ ಇಲ್ಲಿ.’

ಆ ಎರಡೂ ಪದಗಳು ಒಂದೇ ಬೇರಿನವು. ಲ್ಯಾಟಿನ್ನಿನ ‘ಮಗಿಸ್ಟರ್’ ಅವುಗಳ ಮೂಲ. ಅದರೊಳಗಿನ ‘ಮಗಿಸ್’ ಅಂದರೆ ಹೆಚ್ಚು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಬಾಯಲ್ಲಿ ಅದು ‘ಮೆಸ್ತ್ರೆ’. ಚಾವಿ, ಪಾದ್ರಿ, ಅಲಮಾರುಗಳ ಹಾಗೆ ಅದೂ ನಮ್ಮಲ್ಲಿಗೆ ಬಂದು ಮೇಸ್ತ್ರಿಯಾಯಿತು. ಇಂಗ್ಲಿಷಿನ ‘ಮಾಸ್ಟರ್’ ಬಹಳ ತಡವಾಗಿ, ಶಾಲೆಗಳ ಜೊತೆ ಬಂತು. ಹಳೆ ಮೈಸೂರಿನಲ್ಲಿ ಮೇಷ್ಟ್ರು, ಧಾರವಾಡದ ಕಡೆ ಮಾಸ್ತರು.

ತಡವಾಗಿ ಬಂದದ್ದಕ್ಕೇ ಪಟ್ಟ ಸಿಕ್ಕಿತು. ‘ಮಾಸ್ಟರ್’ನ ಕೊನೆಯ ಸದ್ದು ಕನ್ನಡದ ಕಿವಿಗೆ ‘ಅವರು’, ‘ಬಂದರು’ಗಳ ‘ರು’ವಿನಂತೆ ಕೇಳಿಸಿತೋ ಏನೋ, ಪದ ಹುಟ್ಟಿದ್ದೇ ಗೌರವದ ಬಹುವಚನ ಹೊತ್ತು. ‘ಮೇಷ್ಟ್ರು ಬಂದ’ ಎನ್ನಲು ನಾಲಿಗೆ ಒಪ್ಪದು. ಡಾಕ್ಟ್ರಿಗೂ ಇನ್ಸ್‌ಪೆಕ್ಟ್ರಿಗೂ ಆ ‘ರು’ ಇದೆ, ನಿಜ. ಆದರೆ ಇನ್ಸ್‌ಪೆಕ್ಟರ ‘ರು’ ಕುರ್ಚಿಗೆ ಸೇರಿದ್ದು. ಮೇಷ್ಟ್ರದ್ದು ನಿವೃತ್ತಿಯ ಮೇಲೂ ಕಳಚುವುದಿಲ್ಲ. ಲಂಕೇಶ್ ಇಂಗ್ಲಿಷ್ ಪಾಠ ಬಿಟ್ಟು 1980ರಲ್ಲಿ ಪತ್ರಿಕೆ ಶುರು ಮಾಡಿದರು. ಜೊತೆಗಿದ್ದವರಿಗೆ ಅವರು ಕೊನೆಯವರೆಗೂ ಮೇಷ್ಟ್ರೇ. ಕುವೆಂಪು ಅವರ ಮೇಷ್ಟ್ರು ಟಿ. ಎಸ್. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ ‘ಶ್ರೀರಾಮಾಯಣದರ್ಶನಂ’ ಹೊರಬಂದಾಗ ಕುವೆಂಪು ಅದನ್ನು ಅರ್ಪಿಸಿದ್ದು ಆ ಗುರುವಿಗೆ.

ಕಲಿಸುವ ಹೆಂಗಸಿಗೆ ಮಾತ್ರ ಈ ಪದ ದಕ್ಕಲಿಲ್ಲ. ನಮ್ಮ ಕಡೆ ಮೇಷ್ಟ್ರಮ್ಮ ಅಂದರೆ ಮೇಷ್ಟ್ರ ಹೆಂಡತಿ. ಉತ್ತರ ಕರ್ನಾಟಕದವರು ‘ಅಕ್ಕೋರು’ ಎಂದು ತಮ್ಮದೇ ಪದ ಕಟ್ಟಿಕೊಂಡರು. ಎಷ್ಟು ಚೆಂದದ ಪದ ಅದು!

ಮೇಸ್ತ್ರಿಯ ಹಣೆಬರಹ ಬೇರೆ. ಕಾಫಿ ತೋಟಗಳಲ್ಲಿ ಮುಂಗಡ ಕೊಟ್ಟು ಆಳುಗಳನ್ನು ಕರೆತಂದವನೂ ಮೇಸ್ತ್ರಿಯೇ. ಅಲ್ಲಿ ಆ ಪದಕ್ಕೆ ಸಾಲದ, ಭಯದ ವಾಸನೆ ಹತ್ತಿತು. ಊರುಗಳಲ್ಲಿ ಅದು ಗಾರೆ ಕೆಲಸದವರ ಹೆಸರಾಯಿತು. ಮೈಗೆ ಸಿಮೆಂಟು ಮೆತ್ತಿದವರಿಗೆ ಬಹುವಚನ ಕೊಡುವ ರೂಢಿ ನಮ್ಮಲ್ಲಿಲ್ಲ.

ನನ್ನ ಗೋಡೆ ಕಟ್ಟಿದವರನ್ನು ನಾಲ್ಕು ದಿನ ನೋಡಿದೆ. ಮೂಲೆಯಿಂದ ಮೂಲೆಗೆ ದಾರ ಎಳೆಯುತ್ತಿದ್ದರು, ತೂಕದ ಗುಂಡು ಇಳಿಬಿಟ್ಟು ಅದು ಅಲುಗಾಡುವುದು ನಿಲ್ಲುವವರೆಗೆ ಕಾಯುತ್ತಿದ್ದರು. ಮೂರನೆಯ ದಿನ ಕೈಕೆಳಗಿನ ಹುಡುಗ ಇಟ್ಟ ವರಸೆಯನ್ನು ಒಂದು ಕಣ್ಣು ಮುಚ್ಚಿ ನೋಡಿ, ‘ಒಂದು ನೂಲು ಹೊರಗೆ ಹೋಗಿದೆ ಮಗ’ ಅಂದರು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಅವರು ಹುಡುಗನನ್ನು ಬೈಯಲಿಲ್ಲ. ಗಾರೆ ಹಸಿಯಿರುವಾಗಲೇ ಅಷ್ಟೂ ಇಟ್ಟಿಗೆ ತೆಗೆಸಿ, ಕರಣೆಯನ್ನು ಹುಡುಗನ ಕೈಗೇ ಕೊಟ್ಟು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮತ್ತೆ ಇಡಿಸಿದರು. ಇಟ್ಟಿಗೆ ತೆಗೆಸಿದ್ದರಿಂದ ಅರ್ಧ ದಿನ ಹೋಯಿತು. ಆ ಅರ್ಧ ದಿನದ ಕೂಲಿಯನ್ನು ನನ್ನಿಂದ ತೆಗೆದುಕೊಳ್ಳಲಿಲ್ಲ.

ನನಗೆ ಮಗ್ಗಿ ಕಲಿಸಿದವರೂ ಹೀಗೇ ತಪ್ಪಿದ ಕಡೆಯಿಂದ ಮತ್ತೆ ಹೇಳಿಸುತ್ತಿದ್ದರು. ಹೆಚ್ಚು ಬಲ್ಲವರು, ಬಲ್ಲದ್ದನ್ನು ಇನ್ನೊಬ್ಬರ ಕೈಗೆ ದಾಟಿಸುವವರು: ಆ ಹಳೆಯ ಪದದ ಅರ್ಥಕ್ಕೆ ಇಬ್ಬರೂ ಸಮಾನ ಹಕ್ಕುದಾರರು. ಒಬ್ಬರಿಗೆ ‘ಬನ್ನಿ’, ಇನ್ನೊಬ್ಬರಿಗೆ ‘ಬಾ’ ಎನ್ನುವುದು ನಾವು ಮಾಡಿದ ಅನ್ಯಾಯ.

ಮಕ್ಕಳು ಈಗ ಮೇಷ್ಟ್ರನ್ನು ‘ಸರ್’ ಅನ್ನುತ್ತಾರೆ. ಮೇಸ್ತ್ರಿ ಪದ ಇನ್ನೂ ದಿನಾ ಬೀದಿಯಲ್ಲಿ ಕೇಳುತ್ತದೆ. ನಾಳೆ ನಿಮ್ಮ ಮನೆಗೆ ಗೋಡೆ ಕಟ್ಟಲು ಬಂದವರನ್ನು ‘ಬನ್ನಿ ಮೇಸ್ತ್ರಿಗಳೇ, ಕೂತ್ಕೊಳ್ಳಿ’ ಎಂದು ಕರೆಯಿರಿ.