ಎಂಡೊಮೆಟ್ರಿಯೋಸಿಸ್: ದೀರ್ಘಕಾಲದ ನೋವಿನ ಚಿಕಿತ್ಸೆ ಮತ್ತು ನಿರ್ವಹಣೆ – ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲ್ಲೂಕುಗಳ ಮಹಿಳೆಯರು ಮತ್ತು ಅವರ ಕುಟುಂಬದವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಮುಟ್ಟಿನ ಸಮಯದಲ್ಲಿ ಸ್ವಲ್ಪ ಮಟ್ಟಿನ ಹೊಟ್ಟೆನೋವು ಸಾಮಾನ್ಯ. ಆದರೆ ಶಾಲೆಗೆ ಹೋಗಲಾಗದಷ್ಟು, ಮೀನು ಮಾರುಕಟ್ಟೆಯಲ್ಲಿ ಕುಳಿತು ವ್ಯಾಪಾರ ಮಾಡಲಾಗದಷ್ಟು, ಗದ್ದೆ ತೋಟದ ಕೆಲಸಕ್ಕೆ ಇಳಿಯಲಾಗದಷ್ಟು ನೋವು ಪ್ರತಿ ತಿಂಗಳೂ ಬರುತ್ತಿದ್ದರೆ ಅದು ಸಾಮಾನ್ಯವಲ್ಲ. "ಹೆಣ್ಣಾದ ಮೇಲೆ ಸಹಿಸಿಕೊಳ್ಳಬೇಕು", "ಮದುವೆಯಾದರೆ ಸರಿಹೋಗುತ್ತದೆ", "ಒಂದು ಹೆರಿಗೆಯಾದರೆ ನಿಲ್ಲುತ್ತದೆ" ಎಂಬ ಮಾತುಗಳಿಂದಾಗಿ ಅನೇಕರು ವರ್ಷಗಟ್ಟಲೆ ವೈದ್ಯರನ್ನು ಕಾಣದೆ ಉಳಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಸಂತಾನೋತ್ಪತ್ತಿ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ. 10 ರಷ್ಟು, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಮಂದಿಗೆ ಈ ರೋಗವಿದ್ದು, ಅದು ಪತ್ತೆಯಾಗುವುದಕ್ಕೆ ಹಲವು ವರ್ಷಗಳು ಹಿಡಿಯುತ್ತವೆ. ಈ ವಿಳಂಬವನ್ನು ಕಡಿಮೆ ಮಾಡುವುದೇ ಈ ಪುಟದ ಮುಖ್ಯ ಉದ್ದೇಶವಾಗಿರುತ್ತದೆ.

2. ರೋಗದ ಸ್ವರೂಪ

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ, ಅಂದರೆ ಅಂಡಾಶಯ, ಅಂಡನಾಳ, ಕಿಬ್ಬೊಟ್ಟೆಯ ಒಳಪೊರೆ, ಕರುಳು ಅಥವಾ ಮೂತ್ರಕೋಶದ ಮೇಲೆ ಬೆಳೆಯುವುದನ್ನು ಎಂಡೊಮೆಟ್ರಿಯೋಸಿಸ್ ಎನ್ನಲಾಗುತ್ತದೆ. ಈ ಅಂಗಾಂಶವೂ ಪ್ರತಿ ತಿಂಗಳು ಹಾರ್ಮೋನುಗಳಿಗೆ ಸ್ಪಂದಿಸುತ್ತದೆ. ಅದರಿಂದ ಸುತ್ತಲಿನ ಭಾಗದಲ್ಲಿ ಉರಿಯೂತ ಉಂಟಾಗಿ, ಕಾಲಕ್ರಮೇಣ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವ ಸಂಭವವಿರುತ್ತದೆ. ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಗಡ್ಡೆಯಾದರೆ ಅದನ್ನು "ಚಾಕೊಲೇಟ್ ಗಡ್ಡೆ" ಎಂದು ಕರೆಯುವ ರೂಢಿಯಿದೆ.

ಇದು ಕ್ಯಾನ್ಸರ್ ಅಲ್ಲ; ಅಂಟುರೋಗವೂ ಅಲ್ಲ. ಆಹಾರ, ಮೈಲಿಗೆ ಅಥವಾ ನಡತೆಯಿಂದ ಬಂದದ್ದಲ್ಲ. ಮುಟ್ಟಿನ ರಕ್ತದ ಒಂದಂಶ ಅಂಡನಾಳದ ಮೂಲಕ ಹಿಮ್ಮುಖವಾಗಿ ಹರಿಯುವುದು ಒಂದು ಕಾರಣವೆಂದು ಅಮೆರಿಕದ ವೈದ್ಯ ಸ್ಯಾಂಪ್ಸನ್ 1927ರಲ್ಲಿ ಪ್ರತಿಪಾದಿಸಿದರು. ಅನುವಂಶೀಯತೆ ಮತ್ತು ರೋಗನಿರೋಧಕ ವ್ಯವಸ್ಥೆಯ ಪಾತ್ರವೂ ಇದೆ. ತಾಯಿ ಅಥವಾ ಸಹೋದರಿಗೆ ಈ ತೊಂದರೆಯಿದ್ದಲ್ಲಿ ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು.

ರೋಗದ ಗಾತ್ರಕ್ಕೂ ನೋವಿನ ಪ್ರಮಾಣಕ್ಕೂ ನೇರ ಸಂಬಂಧವಿರುವುದಿಲ್ಲ. ಸಣ್ಣ ಚುಕ್ಕೆಗಳಷ್ಟೇ ಇದ್ದರೂ ತೀವ್ರ ನೋವು ಬರಬಹುದು. ನೋವು ಬಹುಕಾಲ ಮುಂದುವರಿದರೆ ನರಮಂಡಲವೇ ಹೆಚ್ಚು ಸೂಕ್ಷ್ಮವಾಗಿ, ಮುಟ್ಟಿಲ್ಲದ ದಿನಗಳಲ್ಲಿಯೂ ನೋವು ಉಳಿಯುತ್ತದೆ. ಆದ್ದರಿಂದ "ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ" ಎಂದ ಮಾತ್ರಕ್ಕೆ ನೋವು ಸುಳ್ಳೆಂದು ಭಾವಿಸಬಾರದು.

3. ಗಮನಿಸಬೇಕಾದ ಲಕ್ಷಣಗಳು

- ಮುಟ್ಟಿಗೆ ಮೊದಲೇ ಆರಂಭವಾಗಿ, ಮಾತ್ರೆಗೂ ಬಗ್ಗದ ಕಿಬ್ಬೊಟ್ಟೆ ನೋವು ಮತ್ತು ಸೊಂಟನೋವು
- ಮುಟ್ಟಿನ ದಿನಗಳಲ್ಲಿ ಮಲ ಅಥವಾ ಮೂತ್ರ ವಿಸರ್ಜಿಸುವಾಗ ನೋವು
- ದಾಂಪತ್ಯ ಸಂಪರ್ಕದ ಸಮಯದಲ್ಲಿ ಅಥವಾ ಅನಂತರ ಆಳವಾದ ನೋವು
- ಹೊಟ್ಟೆ ಉಬ್ಬರ, ವಾಕರಿಕೆ, ವಿಪರೀತ ಆಯಾಸ
- ಮಕ್ಕಳಾಗುವಲ್ಲಿ ವಿಳಂಬ

ಮೇಲ್ಕಂಡ ಲಕ್ಷಣಗಳು ಹದಿಹರೆಯದಲ್ಲಿಯೇ ಆರಂಭವಾಗಬಹುದು. ಮಗಳು ಪ್ರತಿ ತಿಂಗಳು ಶಾಲೆ ಅಥವಾ ಕಾಲೇಜು ತಪ್ಪಿಸಿಕೊಳ್ಳುತ್ತಿದ್ದರೆ ಪೋಷಕರು ಅದನ್ನು ನೆಪವೆಂದು ತಿಳಿಯದೆ, ಆಶಾ ಕಾರ್ಯಕರ್ತೆ ಅಥವಾ ಸರ್ಕಾರಿ ಆಸ್ಪತ್ರೆಯ ಹದಿಹರೆಯದವರ "ಸ್ನೇಹ ಕ್ಲಿನಿಕ್" ಮೂಲಕ ವೈದ್ಯರಿಗೆ ತೋರಿಸತಕ್ಕದ್ದು.

4. ನೋವಿನ ಲೆಕ್ಕದ ಪುಸ್ತಕ

ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ದೊರೆಯುವ ಸಮಯ ಅಲ್ಪ. ಸಂಕೋಚದಿಂದ ಮಾತು ನಿಂತರೂ ಬರಹ ನಿಲ್ಲುವುದಿಲ್ಲ. ಆದ್ದರಿಂದ ವೈದ್ಯರನ್ನು ಕಾಣುವ ಮೊದಲು ಕನಿಷ್ಠ ಎರಡು ಮೂರು ತಿಂಗಳ ವಿವರವನ್ನು ಒಂದು ಸಣ್ಣ ನೋಟ್ ಪುಸ್ತಕದಲ್ಲಿ, ಅಂಗಡಿಯ ದಿನವಹಿ ಬರೆದಂತೆ, ಈ ಕೆಳಕಂಡ ಕಲಂಗಳಲ್ಲಿ ಬರೆದಿಡುವುದು ಸೂಕ್ತ:

1. ದಿನಾಂಕ ಮತ್ತು ಮುಟ್ಟಿನ ಎಷ್ಟನೆಯ ದಿನ
2. ನೋವಿನ ಪ್ರಮಾಣ: 0 ರಿಂದ 10 ರೊಳಗೆ ಒಂದು ಅಂಕಿ
3. ನೋವಿನ ಜಾಗ
4. ತೆಗೆದುಕೊಂಡ ಮಾತ್ರೆ, ಅದರ ಸಂಖ್ಯೆ ಮತ್ತು ಅದರಿಂದಾದ ಗುಣ
5. ಆ ದಿನ ನಿಂತ ಕೆಲಸ: ಶಾಲೆ, ಕೂಲಿ, ಅಡುಗೆ, ನಿದ್ರೆ

ಐದನೆಯ ಕಲಂ ಬಹಳ ಮುಖ್ಯ. "ತುಂಬಾ ನೋವು" ಎಂಬ ಮಾತಿಗಿಂತ "ಮೂರು ತಿಂಗಳಲ್ಲಿ ಒಂಬತ್ತು ದಿನ ಕೂಲಿ ತಪ್ಪಿತು" ಎಂಬ ಲೆಕ್ಕವು ವೈದ್ಯರಿಗೆ ಹೆಚ್ಚು ತಿಳಿಸುತ್ತದೆ. ಓದು ಬರಹ ಬಾರದವರು ಕ್ಯಾಲೆಂಡರಿನಲ್ಲಿ ನೋವಿನ ದಿನಗಳಿಗೆ ಗುರುತು ಹಾಕಿಟ್ಟರೂ ಸಾಕು.

5. ರೋಗ ಪತ್ತೆ

ಮೊದಲು ರೋಗದ ಚರಿತ್ರೆ, ನಂತರ ದೈಹಿಕ ಪರೀಕ್ಷೆ ಮತ್ತು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ನಡೆಸಲಾಗುತ್ತದೆ. ಅಗತ್ಯಬಿದ್ದಲ್ಲಿ ಎಂ.ಆರ್.ಐ. ಸ್ಕ್ಯಾನಿಂಗ್ ಸೂಚಿಸಬಹುದು. ಅವಿವಾಹಿತ ಯುವತಿಯರಿಗೆ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನಿಂಗ್ ಮಾಡಲು ಅವಕಾಶವಿರುತ್ತದೆ. ಈ ಒಂದು ಭಯದಿಂದ ಆಸ್ಪತ್ರೆಗೆ ಬಾರದೆ ಉಳಿಯಬಾರದು. ಪರೀಕ್ಷೆಗೆ ಮೊದಲು ಒಪ್ಪಿಗೆ ಪಡೆಯುವಂತೆಯೂ, ಮಹಿಳಾ ಸಿಬ್ಬಂದಿ ಅಥವಾ ಜೊತೆಗೆ ಬಂದ ಮಹಿಳೆ ಹಾಜರಿರುವಂತೆಯೂ ಕೇಳಿಕೊಳ್ಳಬಹುದು.

ಹಿಂದೆ ಲ್ಯಾಪರೊಸ್ಕೋಪಿ ಮಾಡಿದ ಹೊರತು ರೋಗ ದೃಢಪಡುವುದಿಲ್ಲವೆಂದು ತಿಳಿಯಲಾಗಿತ್ತು. 2022ರ ಯುರೋಪಿನ ತಜ್ಞರ ಮಾರ್ಗಸೂಚಿಯು ಈ ನಿಲುವನ್ನು ಬದಲಿಸಿದೆ. ಲಕ್ಷಣಗಳ ಆಧಾರದ ಮೇಲೆಯೇ ಔಷಧ ಆರಂಭಿಸಿ, ಗುಣ ಕಾಣದಿದ್ದಲ್ಲಿ ಅಥವಾ ಸ್ಕ್ಯಾನಿಂಗ್‌ನಲ್ಲಿ ತಿಳಿಯದಿದ್ದಲ್ಲಿ ಲ್ಯಾಪರೊಸ್ಕೋಪಿ ಪರಿಗಣಿಸಬಹುದಾಗಿದೆ. ಸಿ.ಎ.-125 ಎಂಬ ರಕ್ತಪರೀಕ್ಷೆಯಿಂದ ಈ ರೋಗವನ್ನು ನಿಶ್ಚಯಿಸಲು ಬರುವುದಿಲ್ಲ.

6. ಚಿಕಿತ್ಸೆ

ರೋಗವನ್ನು ಸಂಪೂರ್ಣವಾಗಿ ಇಲ್ಲವಾಗಿಸುವ ಔಷಧ ಈವರೆಗೆ ಲಭ್ಯವಿರುವುದಿಲ್ಲ. ಆದರೆ ನೋವನ್ನು ಹತೋಟಿಯಲ್ಲಿಡಲು ಈ ಕೆಳಕಂಡ ಚಿಕಿತ್ಸೆಗಳಿವೆ.

ಅ) ನೋವು ನಿವಾರಕಗಳು: ಐಬುಪ್ರೊಫೇನ್, ನ್ಯಾಪ್ರೊಕ್ಸೆನ್, ಮೆಫೆನಾಮಿಕ್ ಆಮ್ಲ ಮುಂತಾದವು. ನೋವು ತೀವ್ರವಾಗುವವರೆಗೆ ಕಾಯದೆ ಆರಂಭದಲ್ಲಿಯೇ, ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಹೆಚ್ಚು ಪರಿಣಾಮಕಾರಿ. ಬೆಳಗಿನ ಜಾವ ಕೆಲಸಕ್ಕೆ ಹೊರಡುವವರು ಇವನ್ನು ಖಾಲಿ ಹೊಟ್ಟೆಯಲ್ಲಿ ನುಂಗಬಾರದು. ಸ್ವಲ್ಪ ಗಂಜಿಯನ್ನಾದರೂ ಸೇವಿಸಿರಬೇಕು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಅಥವಾ ಅಸ್ತಮಾ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು. ಮೆಫೆನಾಮಿಕ್ ಆಮ್ಲದಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಉಂಟಾಗಬಹುದೆಂದು ಭಾರತೀಯ ಔಷಧಕೋಶ ಆಯೋಗವು 2023ರ ನವೆಂಬರ್‌ನಲ್ಲಿ ಎಚ್ಚರಿಸಿದೆ. ಜ್ವರ, ಮೈಮೇಲೆ ಗಂದೆ ಅಥವಾ ಮುಖದ ಊತ ಕಂಡಲ್ಲಿ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣತಕ್ಕದ್ದು.

ಆ) ಹಾರ್ಮೋನ್ ಚಿಕಿತ್ಸೆ: ಗರ್ಭನಿರೋಧಕ ಮಾತ್ರೆಗಳು, ಡೈನೊಜೆಸ್ಟ್ ಮುಂತಾದ ಪ್ರೊಜೆಸ್ಟಿನ್ ಮಾತ್ರೆಗಳು, ಗರ್ಭಕೋಶದಲ್ಲಿ ಅಳವಡಿಸುವ ಹಾರ್ಮೋನ್ ಸಾಧನ ಹಾಗೂ ಚುಚ್ಚುಮದ್ದುಗಳು ಈ ಗುಂಪಿಗೆ ಸೇರಿವೆ. ಅವಿವಾಹಿತರಿಗೆ ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟಲ್ಲಿ ಕುಟುಂಬದವರು ತಪ್ಪು ತಿಳಿಯಬಾರದು. ಇಲ್ಲಿ ಅದು ನೋವಿನ ಔಷಧವಾಗಿರುತ್ತದೆ. ಡೈನೊಜೆಸ್ಟ್ ಮಾತ್ರೆಯನ್ನು ಸಾಮಾನ್ಯವಾಗಿ ದಿನಕ್ಕೆ ಒಂದರಂತೆ, 2 ಮಿಲಿಗ್ರಾಂ, ಪ್ರತಿದಿನ ಒಂದೇ ಸಮಯಕ್ಕೆ ಸೇವಿಸಬೇಕಾಗುತ್ತದೆ. ಈ ಸಮಯವನ್ನು ರಾತ್ರಿ ಊಟದ ನಂತರಕ್ಕೆ ನಿಗದಿಪಡಿಸಿಕೊಂಡರೆ ರಂಜಾನ್ ತಿಂಗಳಲ್ಲಿಯೂ ಬದಲಾಯಿಸುವ ಅಗತ್ಯ ಬೀಳುವುದಿಲ್ಲ. ಮೊದಲ ತಿಂಗಳುಗಳಲ್ಲಿ ಅನಿಯಮಿತ ರಕ್ತಸ್ರಾವ ಕಾಣಿಸಬಹುದು. ಹೆದರಿ ತಾವಾಗಿಯೇ ನಿಲ್ಲಿಸಬಾರದು. ರಕ್ತ ಹೆಪ್ಪುಗಟ್ಟುವ ತೊಂದರೆ, ಅಧಿಕ ರಕ್ತದೊತ್ತಡ ಅಥವಾ ಕಣ್ಣು ಕತ್ತಲಾಗುವ ಮೈಗ್ರೇನ್ ಇದ್ದಲ್ಲಿ ಮೊದಲೇ ತಿಳಿಸಬೇಕು. ಹಾರ್ಮೋನ್ ಚಿಕಿತ್ಸೆಯು ನೋವನ್ನು ತಗ್ಗಿಸುತ್ತದೆಯೇ ಹೊರತು ಮಕ್ಕಳಾಗಲು ನೆರವಾಗುವುದಿಲ್ಲ. ಗರ್ಭ ಬಯಸುವವರಿಗೆ ಬೇರೆ ಕ್ರಮ ಅನುಸರಿಸಲಾಗುತ್ತದೆ.

ಇ) ಶಸ್ತ್ರಚಿಕಿತ್ಸೆ: ಲ್ಯಾಪರೊಸ್ಕೋಪಿ ಮೂಲಕ ರೋಗಗ್ರಸ್ತ ಭಾಗವನ್ನು ತೆಗೆಯುವುದರಿಂದ ಅನೇಕರಿಗೆ ಉಪಶಮನ ದೊರೆಯುತ್ತದೆ. ಆದರೆ ನೋವು ಮರುಕಳಿಸುವ ಸಾಧ್ಯತೆಯಿದ್ದು, ಗರ್ಭ ಬಯಸದವರಿಗೆ ಶಸ್ತ್ರಚಿಕಿತ್ಸೆಯ ನಂತರವೂ ಹಾರ್ಮೋನ್ ಮುಂದುವರಿಸಲು ಸೂಚಿಸಬಹುದು.

ಈ) ಗರ್ಭಕೋಶ ತೆಗೆಸುವ ಬಗ್ಗೆ: ರೋಗವಿರುವುದು ಗರ್ಭಕೋಶದ ಹೊರಗೆ. ಆದ್ದರಿಂದ ಗರ್ಭಕೋಶ ತೆಗೆದ ಮಾತ್ರಕ್ಕೆ ನೋವು ಹೋಗುತ್ತದೆಂಬ ಖಾತರಿಯಿಲ್ಲ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಜಾರಿಗೊಳಿಸುವಂತೆ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ನಿರ್ದೇಶಿಸಿದೆ. ಇಂತಹ ಸಲಹೆ ಬಂದಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಮತ್ತೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಸೂಕ್ತ.

7. ದೈನಂದಿನ ನಿರ್ವಹಣೆ

- ಕಿಬ್ಬೊಟ್ಟೆಗೆ ಅಥವಾ ಸೊಂಟಕ್ಕೆ ಬಿಸಿನೀರಿನ ಚೀಲದ ಶಾಖ ಕೊಡುವುದು. ಚೀಲಕ್ಕೆ ಬಟ್ಟೆ ಸುತ್ತಿರಬೇಕು.
- ನೋವಿಲ್ಲದ ದಿನಗಳಲ್ಲಿ ನಡಿಗೆ, ಸರಳ ಯೋಗಾಸನ ಮತ್ತು ದೀರ್ಘ ಉಸಿರಾಟ. ಫಿಸಿಯೋಥೆರಪಿ ಲಭ್ಯವಿದ್ದಲ್ಲಿ ಕಿಬ್ಬೊಟ್ಟೆ ಸ್ನಾಯುಗಳ ವ್ಯಾಯಾಮ ಕಲಿಯುವುದು.
- ಜೀರಿಗೆ, ಶುಂಠಿ ಕಷಾಯಗಳನ್ನು ಸೇವಿಸಲು ಅಡ್ಡಿಯಿಲ್ಲ. ಆದರೆ ಅದು ಔಷಧಕ್ಕೆ ಬದಲಿಯಲ್ಲ.
- ಭಾರದ ಬುಟ್ಟಿ, ನೀರಿನ ಕೊಡಗಳನ್ನು ನೋವಿನ ದಿನಗಳಲ್ಲಿ ಮನೆಯ ಇತರರು ಹೊರುವುದು.
- ದಾಂಪತ್ಯ ಸಂಪರ್ಕದಲ್ಲಿ ನೋವಿರುವ ಸಂಗತಿಯನ್ನು ಪತಿಗೆ ತಿಳಿಸುವುದು. ಪತಿ ಹೊರದೇಶದಲ್ಲಿ ಉದ್ಯೋಗದಲ್ಲಿದ್ದು ರಜೆಗೆ ಬರುವ ಕುಟುಂಬಗಳಲ್ಲಿ ಇದನ್ನು ಹೇಳಿಕೊಳ್ಳುವುದು ಹೆಚ್ಚು ಕಷ್ಟವಾಗುತ್ತದೆ. ವೈದ್ಯರು ಇಬ್ಬರನ್ನೂ ಒಟ್ಟಿಗೆ ಕೂರಿಸಿ ವಿವರಿಸುವಂತೆ ಕೇಳಿಕೊಳ್ಳಬಹುದು.
- ದೀರ್ಘಕಾಲದ ನೋವಿನಿಂದ ಮನಸ್ಸು ಕುಗ್ಗಿದಲ್ಲಿ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಕರೆ ಮಾಡಬಹುದು. ಕನ್ನಡದಲ್ಲಿ ಮಾತನಾಡಲು ಅವಕಾಶವಿದೆ.

8. ಎಲ್ಲಿ ಸಂಪರ್ಕಿಸಬೇಕು

ಮೊದಲ ಹಂತದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕು ಆಸ್ಪತ್ರೆಗಳನ್ನು ಸಂಪರ್ಕಿಸುವುದು. ಸ್ತ್ರೀರೋಗ ತಜ್ಞರು ಲಭ್ಯರಿರುವ ದಿನವನ್ನು ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳಿತು. ದೂರದ ಗ್ರಾಮಗಳವರು ಆರೋಗ್ಯ ಕೇಂದ್ರದಲ್ಲಿ ಇ-ಸಂಜೀವಿನಿ ಮೂಲಕ ತಜ್ಞರೊಂದಿಗೆ ಸಮಾಲೋಚಿಸುವ ಬಗ್ಗೆ ವಿಚಾರಿಸಬಹುದು.

ಹೆಚ್ಚಿನ ಚಿಕಿತ್ಸೆಗೆ ಜಿಲ್ಲಾ ಕೇಂದ್ರದಲ್ಲಿ ಕಾರವಾರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯಿದೆ. ಕುಮಟಾದಿಂದ ಕಾರವಾರಕ್ಕೆ ಸುಮಾರು 70 ಕಿ.ಮೀ., ಭಟ್ಕಳದಿಂದ ಸುಮಾರು 130 ಕಿ.ಮೀ. ದೂರವಿದೆ. ಆದ್ದರಿಂದ ಭಟ್ಕಳದ ಕಡೆಯವರು ಮಣಿಪಾಲ ಅಥವಾ ಮಂಗಳೂರಿಗೂ, ಕುಮಟಾ ಕಡೆಯವರು ಹುಬ್ಬಳ್ಳಿಗೂ ಹೋಗುವುದು ರೂಢಿಯಲ್ಲಿದೆ. ಮಂಗಳೂರಿನಲ್ಲಿ ಮಹಿಳೆಯರಿಗಾಗಿ ಸರ್ಕಾರಿ ಲೇಡಿಗೋಷನ್ ಆಸ್ಪತ್ರೆಯಿದೆ. 2023ರ ಜೂನ್ 11 ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸರ್ಕಾರಿ ಸಾರಿಗೆ ಸಂಸ್ಥೆಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣದ ಸೌಲಭ್ಯವಿದೆ. ಗುರುತಿನ ಚೀಟಿ ಜೊತೆಯಲ್ಲಿರತಕ್ಕದ್ದು.

ಮಳೆಗಾಲದ ಸೂಚನೆ: 2024ರ ಜುಲೈ 16 ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಬಂದ್ ಆಗಿದ್ದುದನ್ನು ಸಾರ್ವಜನಿಕರು ಬಲ್ಲರು. ಪ್ರತಿದಿನ ತಪ್ಪದೆ ಸೇವಿಸಬೇಕಾದ ಮಾತ್ರೆಗಳನ್ನು ವೈದ್ಯರ ಚೀಟಿಯ ಮೇರೆಗೆ ಜೂನ್‌ಗೆ ಮೊದಲೇ ಸಾಕಷ್ಟು ತಂದಿಟ್ಟುಕೊಳ್ಳುವುದು. ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ದರದ ಜನರಿಕ್ ಔಷಧದ ಬಗ್ಗೆ ವಿಚಾರಿಸುವುದು.

9. ಸೌಲಭ್ಯಗಳು ಮತ್ತು ದಾಖಲೆಗಳು

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ: 2018ರಿಂದ ಜಾರಿಯಲ್ಲಿರುವ ಈ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಒಳರೋಗಿ ಚಿಕಿತ್ಸೆ ಲಭ್ಯವಿದೆ. ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ರಂತೆ ವರ್ಷಕ್ಕೆ ರೂ. 1.5 ಲಕ್ಷದ ಮಿತಿಯಿದೆ. ಚಿಕಿತ್ಸೆಯು ಯೋಜನೆಯ ಪಟ್ಟಿಯಲ್ಲಿರಬೇಕು. ತುರ್ತು ಸಂದರ್ಭದ ಹೊರತು, ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಪಡೆಯತಕ್ಕದ್ದು. ಪತ್ರವಿಲ್ಲದೆ ಮಣಿಪಾಲ, ಮಂಗಳೂರಿಗೆ ತೆರಳಿ ಹಿಂದಿರುಗುವ ಶ್ರಮವನ್ನು ಇದರಿಂದ ತಪ್ಪಿಸಬಹುದು. ಕಾರ್ಡನ್ನು ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರಗಳಲ್ಲಿ ಆಧಾರ್ ಮತ್ತು ಪಡಿತರ ಚೀಟಿ ಹಾಜರುಪಡಿಸಿ ಪಡೆಯಬಹುದು.

ಮುಟ್ಟಿನ ರಜೆ: ಉದ್ಯೋಗಸ್ಥ ಮಹಿಳೆಯರಿಗೆ ತಿಂಗಳಿಗೆ ಒಂದು ದಿನದಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ರಜೆ ನೀಡುವ ನೀತಿಗೆ ರಾಜ್ಯ ಸಚಿವ ಸಂಪುಟವು 2025ರ ಅಕ್ಟೋಬರ್‌ನಲ್ಲಿ ಅನುಮೋದನೆ ನೀಡಿರುತ್ತದೆ. ತಮ್ಮ ಸಂಸ್ಥೆಗೆ ಇದು ಅನ್ವಯಿಸುವ ಬಗ್ಗೆ ಕಾರ್ಮಿಕ ಇಲಾಖೆಯ ಕಛೇರಿಯಲ್ಲಿ ವಿಚಾರಿಸುವುದು.

ಅಂಗವಿಕಲತೆ ಪ್ರಮಾಣಪತ್ರ: 2016ರ ಅಧಿನಿಯಮದ 21 ವಿಧಗಳ ಪಟ್ಟಿಯಲ್ಲಿ ಎಂಡೊಮೆಟ್ರಿಯೋಸಿಸ್ ಸೇರಿರುವುದಿಲ್ಲ. ಪ್ರಮಾಣಪತ್ರ ಕೊಡಿಸುವುದಾಗಿ ಹೇಳಿ ಹಣ ಕೇಳುವವರನ್ನು ನಂಬಬಾರದು.

ಜೊತೆಯಲ್ಲಿ ಒಯ್ಯಬೇಕಾದವು: ಆಧಾರ್, ಪಡಿತರ ಚೀಟಿ, ಹಿಂದಿನ ಹೊರರೋಗಿ ಚೀಟಿಗಳು, ಸ್ಕ್ಯಾನಿಂಗ್ ವರದಿ, ಶಸ್ತ್ರಚಿಕಿತ್ಸೆಯಾಗಿದ್ದಲ್ಲಿ ಬಿಡುಗಡೆ ಸಾರಾಂಶ, ಸೇವಿಸುತ್ತಿರುವ ಮಾತ್ರೆಗಳ ಪಟ್ಟಿ ಹಾಗೂ ನೋವಿನ ಪುಸ್ತಕ.

10. ತುರ್ತು ಸಂದರ್ಭಗಳು

ಹಠಾತ್ತನೆ ಸಹಿಸಲಾಗದ ಹೊಟ್ಟೆನೋವು, ಮೂರ್ಛೆ, ಜ್ವರ ಸಹಿತ ನೋವು, ನಿಲ್ಲದ ವಾಂತಿ, ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತಸ್ರಾವ ಅಥವಾ ಮುಟ್ಟು ನಿಂತ ನಂತರ ಒಂದು ಬದಿಯಲ್ಲಿ ತೀವ್ರ ನೋವು ಕಂಡಲ್ಲಿ ಇದು ಹಳೆಯ ನೋವೇ ಎಂದು ಕಾಯದೆ 108ಕ್ಕೆ ಕರೆ ಮಾಡತಕ್ಕದ್ದು.

11. ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರ: ಈ ರೋಗವಿದ್ದರೆ ಮಕ್ಕಳಾಗುವುದಿಲ್ಲವೇ?
ಉ: ಕೆಲವರಿಗೆ ವಿಳಂಬವಾಗುತ್ತದೆ. ಆದರೆ ರೋಗವಿರುವ ಅನೇಕರು ಸಹಜವಾಗಿಯೇ ತಾಯಂದಿರಾಗಿದ್ದಾರೆ.

ಪ್ರ: ಮದುವೆ ಅಥವಾ ಹೆರಿಗೆಯಿಂದ ವಾಸಿಯಾಗುತ್ತದೆಯೇ?
ಉ: ಇಲ್ಲ. ಗರ್ಭಧಾರಣೆಯ ಅವಧಿಯಲ್ಲಿ ಕೆಲವರಿಗೆ ನೋವು ತಗ್ಗಿದರೂ ನಂತರ ಮರಳಬಹುದು. ಚಿಕಿತ್ಸೆಯ ಹೆಸರಿನಲ್ಲಿ ಮದುವೆಯನ್ನು ಅವಸರಪಡಿಸಬಾರದು.

ಪ್ರ: ಒಂದು ಔಷಧ ಫಲಿಸದಿದ್ದರೆ?
ಉ: ಬೇರೆ ಔಷಧಗಳಿವೆ. ಚಿಕಿತ್ಸೆ ನಿಲ್ಲಿಸದೆ, ನೋವಿನ ಪುಸ್ತಕದೊಂದಿಗೆ ಅದೇ ವೈದ್ಯರನ್ನು ಮತ್ತೆ ಕಂಡು ಬದಲಾವಣೆ ಕೇಳುವುದು.

ಸೂಚನೆ: ಈ ಪುಟದ ವಿವರಗಳು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ. ಔಷಧದ ಆಯ್ಕೆ ಮತ್ತು ಪ್ರಮಾಣವನ್ನು ವೈದ್ಯರೇ ನಿರ್ಧರಿಸತಕ್ಕದ್ದು.