ರ‍್ಯಾಲಿಯೋ, ರೇಸೋ: ಚಾಲಕನ ಕಸುಬಿಗೆ ಎರಡು ಒರೆಗಲ್ಲು

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಜಾತ್ರೆಗಳಲ್ಲಿ ‘ಖಾಲಿ ಗಾಡಾ’ ಓಡಿಸುವುದನ್ನು ನೋಡಿದವರಿಗೆ ಮೋಟಾರು ಕ್ರೀಡೆಯ ಹಳೆಯ ಜಗಳವೊಂದನ್ನು ತಿಳಿಯಹೇಳುವುದು ಕಷ್ಟವಲ್ಲ. ಈ ಸ್ಪರ್ಧೆಯಲ್ಲಿ ಒಂದು ಸಲಕ್ಕೆ ಓಡುವುದು ಒಂದೇ ಜೋಡಿ ಎತ್ತು, ಒಂದೇ ಗಾಡಿ. ಗೊತ್ತುಪಡಿಸಿದ ವೇಳೆಯೊಳಗೆ ಅದು ಎಷ್ಟು ಅಡಿ ಓಡಿತೆಂದು ಅಳೆದು ಬರೆದುಕೊಳ್ಳುತ್ತಾರೆ. ಆಮೇಲೆ ಮುಂದಿನ ಜೋಡಿಯ ಸರದಿ. ಬೆಳಗಾವಿ, ವಿಜಯಪುರದ ಕಡೆಗೂ ಗಡಿಯಾಚೆಯ ಮಹಾರಾಷ್ಟ್ರದಲ್ಲೂ ನಡೆಯುವ ‘ಶರ್ಯತ್ತು’ ಬೇರೆ ಬಗೆಯದು. ಅಲ್ಲಿ ಗಾಡಿಗಳನ್ನು ಒಟ್ಟಿಗೇ ಬಿಡುತ್ತಾರೆ, ಗಾಲಿಗೆ ಗಾಲಿ ತಾಗುವಷ್ಟು ಹತ್ತಿರ. ಮೊದಲನೆಯದರಲ್ಲಿ ಗಾಡಿ ಹೊಡೆಯುವವನ ಎದುರಾಳಿ ಗಡಿಯಾರ. ಎರಡನೆಯದರಲ್ಲಿ ಎದುರಾಳಿ ಪಕ್ಕದಲ್ಲೇ ಹಲ್ಲು ಕಚ್ಚಿ ನಿಂತಿರುತ್ತಾನೆ.

(ಈ ಓಟಗಳ ಮೇಲೆಯೇ ಕಾನೂನಿನ ಕತ್ತಿ ಬಹುಕಾಲ ತೂಗಿತ್ತು. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಜೊತೆಗೆ ಎತ್ತಿನಗಾಡಿ ಓಟವನ್ನೂ ನಿಲ್ಲಿಸಿತು. ರಾಜ್ಯಗಳು ಮುಂದೆ ತಂದ ತಿದ್ದುಪಡಿಗಳನ್ನು ಅದೇ ನ್ಯಾಯಾಲಯದ ಸಂವಿಧಾನ ಪೀಠ 2023ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಅದು ಬೇರೆಯದೇ ಚರ್ಚೆ.)

ಮೋಟಾರು ಕ್ರೀಡೆಯಲ್ಲೂ ಇವೇ ಎರಡು ಕವಲುಗಳಿವೆ. ‘ರ‍್ಯಾಲಿ’ಯಲ್ಲಿ ಕಾರುಗಳು ಒಂದೆರಡು ನಿಮಿಷಗಳ ಅಂತರದಲ್ಲಿ ಒಂದೊಂದಾಗಿ ಹೊರಡುತ್ತವೆ. ಹಾದಿ ಕಾಡಿನದೋ ತೋಟದ್ದೋ ಮರುಭೂಮಿಯದೋ ಆಗಿರಬಹುದು. ಚಾಲಕನ ಪಕ್ಕದಲ್ಲಿ ದಾರಿ ಓದಿ ಹೇಳುವ ಸಹಚಾಲಕನಿರುತ್ತಾನೆ. ಎಲ್ಲ ಹಂತಗಳ ಸಮಯವನ್ನು ಕೂಡಿಸಿದಾಗ ಯಾರದು ಕಡಿಮೆಯೋ ಅವರೇ ಗೆದ್ದಂತೆ. ‘ಸರ್ಕಿಟ್ ರೇಸ್’ನಲ್ಲಿ ಎಲ್ಲರೂ ಒಂದೇ ದೀಪದ ಸಂಜ್ಞೆಗೆ ಹೊರಟು, ಬೇಲಿ ಹಾಕಿದ ಟಾರು ಹಾದಿಯನ್ನು ಹತ್ತಾರು ಸಲ ಸುತ್ತುತ್ತಾರೆ. ಯಾವುದರ ಚಾಲಕ ಹೆಚ್ಚು ನಿಪುಣ, ಯಾರ ಜೀವಕ್ಕೆ ಹೆಚ್ಚು ಆಪತ್ತು ಎಂಬ ವಾದ ಈ ಕ್ರೀಡೆಯ ಅಭಿಮಾನಿಗಳಲ್ಲಿ ಇಂದಿಗೂ ಮುಗಿದಿಲ್ಲ. ಈ ವಾದಕ್ಕಿಳಿಯುವ ಮೊದಲು ಎರಡೂ ಒಂದೇ ತಾಯಿಯ ಮಕ್ಕಳೆಂಬುದನ್ನು ನೆನಪಿಡಬೇಕು. ಅವುಗಳನ್ನು ಬೇರೆ ಮಾಡಿದ್ದು ಸಾವು.

ಮೋಟಾರು ಕಾರು ಹುಟ್ಟಿದ ಹೊಸತರಲ್ಲಿ ಸ್ಪರ್ಧೆಯೆಂದರೆ ಊರಿಂದೂರಿಗೆ ಸಾರ್ವಜನಿಕ ರಸ್ತೆಯ ಮೇಲಿನ ಓಟ. 1903ರ ಮೇ 24ರಂದು ಪ್ಯಾರಿಸ್ಸಿನಿಂದ ಮ್ಯಾಡ್ರಿಡ್‌ಗೆ ಹೊರಟ ಓಟ ಅಂಥದೇ. ರಸ್ತೆಯ ಇಕ್ಕೆಲಗಳಲ್ಲಿ ಕಿಕ್ಕಿರಿದ ಜನ, ಮುಂದಿನ ಕಾರು ಎಬ್ಬಿಸಿದ ಧೂಳಿನಲ್ಲಿ ಹಿಂದಿನವನಿಗೆ ದಾರಿಯೇ ಕಾಣದ ಸ್ಥಿತಿ. ಆ ದಿನ ಎಲ್ಲರಿಗಿಂತ ವೇಗವಾಗಿ ಓಡಿಸಿದವನ ಸರಾಸರಿ ಗಂಟೆಗೆ 105 ಕಿ.ಮೀ. ಆಗಿನ ಬ್ರೇಕು, ಆಗಿನ ಟೈರುಗಳಿಗೆ ಅದು ಹುಚ್ಚು ವೇಗ. ರೆನೊ ಕಾರು ಕಂಪನಿಯ ಸಂಸ್ಥಾಪಕ ಸೋದರರಲ್ಲೊಬ್ಬನಾದ ಮಾರ್ಸೆಲ್ ರೆನೊ ಸೇರಿ ಚಾಲಕರೂ ಪ್ರೇಕ್ಷಕರೂ ಸತ್ತರು. ಫ್ರಾನ್ಸ್ ಸರಕಾರ ಓಟವನ್ನು ಬೋರ್ದೊ ನಗರದಲ್ಲೇ ನಿಲ್ಲಿಸಿತು. ಕಾರುಗಳನ್ನು ಚಾಲೂ ಮಾಡಲೂ ಬಿಡದೆ ಕುದುರೆಗಳಿಂದ ಎಳೆಸಿ ರೈಲು ನಿಲ್ದಾಣಕ್ಕೆ ಒಯ್ಯಲಾಯಿತು ಎನ್ನುತ್ತಾರೆ. ಕುದುರೆಯನ್ನು ಹಿಂದಿಕ್ಕಲು ಬಂದ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಅವಮಾನ ಇರಲಾರದು.

ಸ್ಪರ್ಧೆಯನ್ನು ಸುತ್ತುಹಾದಿಯೊಳಗೆ ಕಟ್ಟಿಹಾಕುವ ಯೋಚನೆಗೆ ಇಂಥ ಸಾವುಗಳಿಂದ ಬಲ ಬಂತು. 1906ರಲ್ಲಿ ಲ ಮಾನ್ಸ್ ಬಳಿ ಮೊದಲ ಫ್ರೆಂಚ್ ಗ್ರಾಂಪ್ರಿ ನಡೆದಾಗ ಒಂದು ಸುತ್ತೇ 103 ಕಿ.ಮೀ. ಇತ್ತು. ಹಾದಿ ಇನ್ನೂ ಊರ ರಸ್ತೆಯೇ, ಆದರೆ ವಾಹನ ಸಂಚಾರಕ್ಕೆ ಮುಚ್ಚಿದ ರಸ್ತೆ. ಮರುವರ್ಷ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಓಟಕ್ಕೆಂದೇ ಕಟ್ಟಿದ ಹಾದಿ ತೆರೆಯಿತು. ಇತ್ತ ಊರಿಂದೂರಿಗೆ ಹೋಗುವ ಸಂಪ್ರದಾಯ ‘ರ‍್ಯಾಲಿ’ ಎಂಬ ಹೆಸರಿನಲ್ಲಿ, ತುಸು ಸೌಮ್ಯ ರೂಪದಲ್ಲಿ ಉಳಿಯಿತು. 1911ರ ಮೊದಲ ಮಾಂಟೆ ಕಾರ್ಲೊ ರ‍್ಯಾಲಿಗೆ ಯುರೋಪಿನ ಬೇರೆ ಬೇರೆ ನಗರಗಳಿಂದ ಕಾರುಗಳು ಹೊರಟು ಒಂದೆಡೆ ಸೇರಿದವು. ರ‍್ಯಾಲಿ ಎಂದರೆ ಸೇರುವುದು ಎಂದೇ ಅರ್ಥ. ಕಾರಿನ ಅಂದಕ್ಕೂ ಪ್ರಯಾಣಿಕರ ಸುಖಾಸನಕ್ಕೂ ಅಂಕಗಳಿದ್ದವು! ಇಂದಿನ ರ‍್ಯಾಲಿ ಕಾರಿನೊಳಗೆ ಕೂತವರು ಇದನ್ನು ಕೇಳಿದರೆ ನಕ್ಕಾರು.

ಎರಡರ ನಡುವೆ ನಿಂತಿದ್ದ ಕೊನೆಯ ದೊಡ್ಡ ಓಟ ಇಟಲಿಯ ‘ಮಿಲ್ಲೆ ಮಿಲ್ಯ’. ಬ್ರೆಸಿಯಾದಿಂದ ರೋಮಿಗೆ ಹೋಗಿ ಮರಳುವ ಸಾವಿರ ಮೈಲಿ. 1955ರಲ್ಲಿ ಇದನ್ನು ಗೆದ್ದ ಸ್ಟರ್ಲಿಂಗ್ ಮಾಸ್ ಸರ್ಕಿಟ್ ಚಾಲಕ. ಪಕ್ಕದಲ್ಲಿ ಕೂತ ಪತ್ರಕರ್ತ ಡೆನಿಸ್ ಜೆಂಕಿನ್ಸನ್ ಮೊದಲೇ ದಾರಿಯುದ್ದ ಓಡಾಡಿ, ತಿರುವು ದಿಣ್ಣೆಗಳನ್ನೆಲ್ಲ ಸುಮಾರು 18 ಅಡಿ ಉದ್ದದ ಕಾಗದದ ಸುರುಳಿಯಲ್ಲಿ ಬರೆದುಕೊಂಡಿದ್ದ. ಇಂಜಿನ್ನಿನ ಸದ್ದಿನಲ್ಲಿ ಮಾತು ಕೇಳದಾದ್ದರಿಂದ ಕೈಸನ್ನೆಗಳಲ್ಲಿ ಹೇಳುತ್ತ ಹೋದ. 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ, ಗಂಟೆಗೆ 157 ಕಿ.ಮೀ. ಮೀರಿದ ಸರಾಸರಿಯಲ್ಲಿ ಅವರು ಓಟ ಮುಗಿಸಿದರು. ಎರಡೇ ವರ್ಷದಲ್ಲಿ, 1957ರಲ್ಲಿ, ಅದೇ ಓಟದ ಫೆರಾರಿಯೊಂದರ ಟೈರು ಸಿಡಿದು ಚಾಲಕ, ಸಹಚಾಲಕರ ಜೊತೆ ರಸ್ತೆಬದಿಯ ಒಂಬತ್ತು ಮಂದಿ ಸತ್ತರು. ಅವರಲ್ಲಿ ಐವರು ಮಕ್ಕಳು. ವೇಗದ ಓಟವಾಗಿ ಮಿಲ್ಲೆ ಮಿಲ್ಯ ಅಲ್ಲಿಗೆ ಮುಗಿಯಿತು.

ಇನ್ನು ಕೌಶಲದ ಮಾತು. ಸರ್ಕಿಟ್ ಚಾಲಕನಿಗೆ ಹಾದಿ ಬಾಯಿಪಾಠ. ಯಾವ ಕಲ್ಲಿನ ಗುರುತಿನ ಬಳಿ ಬ್ರೇಕು, ಯಾವ ಅಂಚಿಗೆ ಗಾಲಿ ತಾಗಬೇಕು ಎಂಬುದೆಲ್ಲ ಅಂಗೈ ರೇಖೆಯಷ್ಟು ಪರಿಚಿತ. ಗೊತ್ತಿರುವುದನ್ನೇ ಐವತ್ತು ಅರವತ್ತು ಸಲ ತಪ್ಪಿಲ್ಲದೆ ಮಾಡುವುದು ಅವನ ವಿದ್ಯೆ. ಸೆಕೆಂಡಿನ ಹತ್ತನೆಯ ಒಂದು ಭಾಗ ಹೆಚ್ಚುಕಡಿಮೆಯಾದರೆ ಮುಂದಿನ ಸಾಲು ತಪ್ಪಿ ಹಿಂದಿನ ಸಾಲು. ಫಾರ್ಮುಲಾ ಒನ್ ಕಾರು ಜೋರಾಗಿ ಬ್ರೇಕು ಹಾಕಿದಾಗ ಚಾಲಕನ ಮೈಮೇಲೆ ಬೀಳುವ ಒತ್ತಡ ಅವನ ತೂಕದ ಸುಮಾರು ಐದು ಪಟ್ಟು. ಕುತ್ತಿಗೆ ಅದನ್ನು ಒಂದೂವರೆ ತಾಸು ತಡೆಯಬೇಕು. ಇದರ ನಡುವೆಯೇ ಒಂದಡಿ ದೂರದಲ್ಲಿ ಇನ್ನೊಂದು ಕಾರು ನುಗ್ಗಲು ಹೊಂಚುತ್ತಿರುತ್ತದೆ.

ರ‍್ಯಾಲಿ ಚಾಲಕನ ವಿದ್ಯೆಯನ್ನು ಎರೆಭೂಮಿಯ ಜನರಿಗೆ ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಬಿರುಕುಬಿಟ್ಟು ಕಲ್ಲಿನಂತಾಗುವ ಹೊಲದ ದಾರಿ ಒಂದು ಮಳೆ ಬಿದ್ದರೆ ಗಾಲಿಗೆ ಮೆತ್ತಿಕೊಂಡು ಬೈಕನ್ನು ಅಡ್ಡ ಎಳೆಯುವುದನ್ನು ಅವರು ಬಲ್ಲರು. ರ‍್ಯಾಲಿ ಕಾರು ಓಡುವುದೇ ಅಂಥ ನೆಲದ ಮೇಲೆ. ಹಿಡಿತ ಸಿಗದ ನೆಲದಲ್ಲಿ ಕಾರನ್ನು ತಿರುವಿಗೆ ಮುನ್ನವೇ ಬೇಕೆಂದು ಅಡ್ಡ ಜಾರಿಸಿ, ಜಾರುತ್ತಲೇ ಮೂತಿಯನ್ನು ಒಳಕ್ಕೆ ತಿರುಗಿಸುತ್ತಾನೆ. ಸರ್ಕಿಟ್ಟಿನಲ್ಲಿ ಸಮಯ ನಷ್ಟ ಮಾಡುವ ಜಾರಾಟ ಇಲ್ಲಿ ಕಸುಬಿನ ತಿರುಳು. ದಾರಿಯನ್ನು ಅವನು ಮೊದಲೇ ನಿಧಾನವಾಗಿ ಒಂದೆರಡು ಸಲ ನೋಡಿರುತ್ತಾನೆ, ಅಷ್ಟೇ. ದಿಣ್ಣೆಯ ಆಚೆ ಏನಿದೆಯೆಂದು ಕಣ್ಣಿಗೆ ಕಾಣುವ ಮೊದಲೇ ಕಿವಿ ಹೇಳಬೇಕು. ಅಂದರೆ ಸಹಚಾಲಕ ಓದುವ ಟಿಪ್ಪಣಿಯನ್ನು ನಂಬಿ ಆಕ್ಸಿಲರೇಟರ್ ತುಳಿಯಬೇಕು. ಒಂದು ಸಾಲು ತಪ್ಪಿ ಓದಿದರೆ ಇಬ್ಬರೂ ಕಂದಕದಲ್ಲಿ. ಕಾಸರಗೋಡಿನ ಮೊಗ್ರಾಲಿನ ಮೂಸಾ ಷರೀಫ್ ಹೆಸರು ಮಾಡಿದ್ದು ಈ ಓದುವ ಕೆಲಸದಲ್ಲೇ. ರಾಷ್ಟ್ರೀಯ ರ‍್ಯಾಲಿಯ ಹಲವು ಪ್ರಶಸ್ತಿಗಳಲ್ಲಿ ಅವರ ಪಾಲಿದೆ. ಪತ್ರಿಕೆಗಳ ಶೀರ್ಷಿಕೆಯಲ್ಲಿ ಮಾತ್ರ ಸಹಚಾಲಕನ ಹೆಸರಿಗೆ ಜಾಗ ಸಿಗುವುದು ಅಪರೂಪ.

ಒಂದು ಕಡೆಯವರು ಇನ್ನೊಂದು ಕಡೆ ಹೋದಾಗ ಏನಾಯಿತು? 2007ರ ಫಾರ್ಮುಲಾ ಒನ್ ವಿಶ್ವವಿಜೇತ ಕಿಮಿ ರೈಕೊನೆನ್ 2010 ಮತ್ತು 2011ರಲ್ಲಿ ವಿಶ್ವ ರ‍್ಯಾಲಿ ಓಡಿಸಿದ. ರ‍್ಯಾಲಿಯ ತವರೆನಿಸಿದ ಫಿನ್‌ಲೆಂಡಿನವನೇ ಆಗಿದ್ದರೂ ಐದನೇ ಸ್ಥಾನಕ್ಕಿಂತ ಮೇಲೇರಲಿಲ್ಲ. ಒಂಬತ್ತು ಸಲ ವಿಶ್ವ ರ‍್ಯಾಲಿ ಗೆದ್ದ ಫ್ರಾನ್ಸಿನ ಸೆಬಾಸ್ಟಿಯನ್ ಲೋಬ್ 2008ರಲ್ಲಿ ಬಾರ್ಸಿಲೋನಾದಲ್ಲಿ ಫಾರ್ಮುಲಾ ಒನ್ ಕಾರನ್ನು ಪರೀಕ್ಷಾರ್ಥ ಓಡಿಸಿ, 17 ಮಂದಿಯಲ್ಲಿ 8ನೆಯವನಾದ. ಮರುವರ್ಷ ಒಂದು ರೇಸಿಗೆ ಇಳಿಯಲು ಅವನಿಗೆ ಪರವಾನಗಿ ಸಿಗಲಿಲ್ಲ. ರ‍್ಯಾಲಿಯವನು ಟಾರಿಗೆ ಬೇಗ ಒಗ್ಗುತ್ತಾನೆ, ಟಾರಿನವನು ಮಣ್ಣಿಗೆ ನಿಧಾನ ಎಂಬ ವಾದಕ್ಕೆ ಈ ಎರಡು ಉದಾಹರಣೆ ಬಲ ಕೊಡುತ್ತವೆ. ಆದರೆ ಒಂದು ದಿನದ ಪರೀಕ್ಷೆಗೂ ಎರಡು ಋತುಗಳ ಸ್ಪರ್ಧೆಗೂ ತಕ್ಕಡಿ ಒಂದೇ ಅಲ್ಲ.

ನಮ್ಮವರಲ್ಲೇ ಎರಡನ್ನೂ ಬಲ್ಲವರೊಬ್ಬರಿದ್ದಾರೆ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಮೋಟಾರ್ ಸೈಕಲ್ಲಿನಲ್ಲಿ ಸರ್ಕಿಟ್ಟಿನಲ್ಲೂ ರ‍್ಯಾಲಿಯಲ್ಲೂ ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. 2018ರಲ್ಲಿ ಸ್ಪೇನಿನ ಬಾಹಾ ರ‍್ಯಾಲಿಯಲ್ಲಿ ಬಿದ್ದು ಹೊಟ್ಟೆಯೊಳಗಿನ ಅಂಗಕ್ಕೇ ಗಂಭೀರ ಗಾಯವಾಯಿತು. ಮರುವರ್ಷ ಅದೇ ಬಾಹಾ ಸರಣಿಯ ಮಹಿಳಾ ವಿಶ್ವಕಪ್ಪನ್ನು 65 ಅಂಕಗಳೊಂದಿಗೆ ಗೆದ್ದು, ಮೋಟಾರು ಕ್ರೀಡೆಯಲ್ಲಿ ವಿಶ್ವಪ್ರಶಸ್ತಿ ಪಡೆದ ಮೊದಲ ಭಾರತೀಯರೆನಿಸಿದರು. ಬೆಂಗಳೂರಿನವರೇ ಆದ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯ. 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಮರಳಿನಲ್ಲಿ ಬಿದ್ದಾಗ ವೈದ್ಯರು ಅವರನ್ನು ಔಷಧಿಯಿಂದ ಪ್ರಜ್ಞಾಹೀನ ಸ್ಥಿತಿಯಲ್ಲಿಟ್ಟು ಉಳಿಸಿಕೊಳ್ಳಬೇಕಾಯಿತು.

ಹಾಗಾದರೆ ರ‍್ಯಾಲಿಯೇ ಹೆಚ್ಚು ಅಪಾಯವೇ? ಚರಿತ್ರೆ ಒಂದೇ ಉತ್ತರ ಕೊಡುವುದಿಲ್ಲ. ಪ್ರೇಕ್ಷಕರ ಅತಿ ದೊಡ್ಡ ಸಾವು ಸಂಭವಿಸಿದ್ದು ಬೇಲಿಯಿದ್ದ ಸರ್ಕಿಟ್ಟಿನಲ್ಲೇ. 1955ರ ಜೂನ್ 11ರಂದು ಲ ಮಾನ್ಸ್‌ನಲ್ಲಿ ಮರ್ಸಿಡಿಸ್ ಕಾರೊಂದು ಒಡೆದು ಜನರ ಮೇಲೆ ಬಿದ್ದು 80ಕ್ಕೂ ಹೆಚ್ಚು ಮಂದಿ ಸತ್ತರು. ಸ್ವಿಟ್ಜರ್‌ಲೆಂಡ್ ಸರ್ಕಿಟ್ ರೇಸನ್ನೇ ದಶಕಗಳ ಕಾಲ ನಿಷೇಧಿಸಿತು. 1994ರ ಮೇ ಮೊದಲ ವಾರಾಂತ್ಯದಲ್ಲಿ ಇಮೋಲಾದಲ್ಲಿ ರೋಲಂಡ್ ರಾಟ್ಜೆನ್‌ಬರ್ಗರ್, ಮರುದಿನವೇ ಅಯರ್ಟನ್ ಸೆನ್ನಾ ತೀರಿಕೊಂಡರು. ರ‍್ಯಾಲಿಯ ಕರಾಳ ವರ್ಷ 1986. ಲಂಗುಲಗಾಮಿಲ್ಲದ ಶಕ್ತಿಯ ‘ಗ್ರೂಪ್ ಬಿ’ ಕಾರುಗಳ ಕಾಲ ಅದು. ಪೋರ್ಚುಗಲ್ಲಿನಲ್ಲಿ ರಸ್ತೆಗೇ ಇಳಿದು ನಿಂತಿದ್ದ ಜನರ ಮೇಲೆ ಕಾರು ಹರಿಯಿತು. ಮೇ 2ರಂದು ಕಾರ್ಸಿಕಾದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ಕಂದಕಕ್ಕೆ ಉರುಳಿದ ಕಾರಿನಲ್ಲಿ ಸುಟ್ಟುಹೋದರು. ಆ ವರ್ಗದ ಕಾರುಗಳೇ ರದ್ದಾದವು.

ವ್ಯತ್ಯಾಸವಿರುವುದು ಅಪಾಯದ ಬಗೆಯಲ್ಲಿ. ಸರ್ಕಿಟ್ಟಿನಲ್ಲಿ ಸಾವು ಎಲ್ಲಿ ಸಂಭವಿಸಿತೋ ಅಲ್ಲಿ ಮರುವರ್ಷ ಗೋಡೆ ಹಿಂದೆ ಸರಿಯುತ್ತದೆ, ಟೈರುಗಳ ತಡೆ ಬರುತ್ತದೆ, ತಿರುವೇ ಬದಲಾಗುತ್ತದೆ. 2018ರಲ್ಲಿ ಚಾಲಕನ ತಲೆಯ ಸುತ್ತ ಕಡ್ಡಾಯವಾದ ‘ಹೇಲೊ’ ಚೌಕಟ್ಟು 2020ರಲ್ಲಿ ಬಹ್ರೇನಿನಲ್ಲಿ ಬೆಂಕಿಯ ನಡುವಿನಿಂದ ರೊಮೇನ್ ಗ್ರೋಜಾನ್‌ನನ್ನು ಬದುಕಿಸಿತು. ರ‍್ಯಾಲಿಯಲ್ಲಿ ಕಾರಿನೊಳಗಿನ ಪಂಜರವನ್ನು ಬಲಪಡಿಸಬಹುದು. ನೂರಾರು ಕಿಲೋಮೀಟರ್ ಉದ್ದದ ಮರ, ಬಂಡೆ, ಹಳ್ಳಗಳನ್ನು ಯಾರೂ ಹಿಂದೆ ಸರಿಸಲಾರರು. ಫಾರ್ಮುಲಾ ಒನ್ ಚಾಲಕ ರಾಬರ್ಟ್ ಕುಬಿಟ್ಸಾ 2011ರಲ್ಲಿ ಇಟಲಿಯ ಸಣ್ಣ ರ‍್ಯಾಲಿಯೊಂದಕ್ಕೆ ಹೋದಾಗ ರಸ್ತೆಬದಿಯ ಕಬ್ಬಿಣದ ತಡೆಬೇಲಿಯೇ ಕಾರಿನೊಳಗೆ ನುಗ್ಗಿ ಅವನ ಬಲಗೈಯನ್ನು ಜಖಂ ಮಾಡಿತು. ಸರ್ಕಿಟ್ಟಿನಲ್ಲಿ ರಕ್ಷಿಸುವ ವಸ್ತುವೇ ಅಲ್ಲಿ ಆಯುಧವಾಯಿತು.

ಸರ್ಕಿಟ್ ಸುರಕ್ಷಿತ ಎಂಬ ನೆಮ್ಮದಿಯೂ ಪೂರ್ತಿ ನಿಜವಲ್ಲ. ಮದ್ರಾಸಿನ ಬಳಿ ಶೋಲಾವರಂನ ಹಳೆಯ ವಿಮಾನ ಹಾದಿಯಲ್ಲಿ ನಡೆಯುತ್ತಿದ್ದ ಓಟಗಳ ಬದಲಿಗೆ 1990ರಲ್ಲಿ ಇರುಂಗಾಟ್ಟುಕೋಟೈಯಲ್ಲಿ ಓಟಕ್ಕೆಂದೇ ಕಟ್ಟಿದ ಹಾದಿ ಬಂತು. ಕರ್ನಾಟಕದ ಚಾಲಕರಿಗೂ ಅದೇ ಪಾಠಶಾಲೆ. ಆ ಹಾದಿಯಲ್ಲಿ 2023ರ ಜನವರಿಯಲ್ಲಿ 59 ವರ್ಷದ ಅನುಭವಿ ಚಾಲಕ ಕೆ.ಇ. ಕುಮಾರ್ ಕಾರುಗಳ ಡಿಕ್ಕಿಯಲ್ಲಿ ಮೃತಪಟ್ಟರು. ಅದೇ ವರ್ಷದ ಆಗಸ್ಟ್ 5ರಂದು ಬೈಕ್ ಓಟದಲ್ಲಿ ಬಿದ್ದು ತೀರಿಕೊಂಡ ಬೆಂಗಳೂರಿನ ಬಾಲಕನಿಗೆ ಬರೀ 13 ವರ್ಷ. ಗುಂಪಿನಲ್ಲಿ ಓಡುವಾಗ ಬಿದ್ದವನ ಹಿಂದೆ ಇತರರು ಬರುತ್ತಲೇ ಇರುತ್ತಾರೆ. ರ‍್ಯಾಲಿಯಲ್ಲಿ ಬಿದ್ದವನಿಗೆ ಆ ಭಯವಿಲ್ಲ. ಬದಲಿಗೆ, ಬಿದ್ದದ್ದು ಯಾರಿಗೂ ತಿಳಿಯದೆ ಹೋಗುವ ಭಯವಿದೆ.

ಸ್ಪರ್ಧೆಗಿಳಿದವನು ಅಪಾಯವನ್ನು ಅರಿತೇ ಹೆಲ್ಮೆಟ್ ಕಟ್ಟಿಕೊಂಡಿರುತ್ತಾನೆ. ಅರಿಯದವರ ಗತಿ? 2019ರ ಸೆಪ್ಟೆಂಬರ್ 21ರಂದು ರಾಜಸ್ಥಾನದ ಬಾಡಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ರ‍್ಯಾಲಿ ನಡೆದಿದ್ದಾಗ, ಮುಚ್ಚಿದ ಹಾದಿಗೆ ಬೈಕೊಂದು ಬಂತು. ಸ್ಪರ್ಧೆಯ ಕಾರು ಬಡಿದು ಬೈಕಿನಲ್ಲಿದ್ದ ಒಂದೇ ಕುಟುಂಬದ ಮೂವರು ಸತ್ತರು. ರ‍್ಯಾಲಿ ರದ್ದಾಯಿತು. ಹೆಚ್ಚು ಬಗೆಯ ವಿದ್ಯೆ ಬೇಡುವುದು ರ‍್ಯಾಲಿಯೇ ಎಂದು ಒಪ್ಪುವವರೂ ಅದರ ಈ ಸಾಲವನ್ನು ಲೆಕ್ಕದಿಂದ ಬಿಡಲಾಗದು. ಚಾಲಕನ ಜಾಣ್ಮೆಯ ಪರೀಕ್ಷೆಗೆ ಬೇರೆಯವರ ದಾರಿ ಬೇಕಾಗುತ್ತದೆ.

ಕರ್ನಾಟಕದ ರ‍್ಯಾಲಿಗಳು ಚಿಕ್ಕಮಗಳೂರಿನ ಕಾಫಿ ತೋಟಗಳನ್ನು ಹುಡುಕಿಕೊಂಡು ಹೋದದ್ದು ಬರೀ ಮಂಜು, ಹಸಿರಿನ ಚೆಲುವಿಗಲ್ಲ. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತೂ ಅಲ್ಲಿ ನಡೆಯಿತು. ತೋಟಕ್ಕೆ ಗೇಟಿದೆ, ಗೇಟಿಗೆ ಕಾವಲುಗಾರನಿದ್ದಾನೆ. ರೋಣದಿಂದ ಗಜೇಂದ್ರಗಡಕ್ಕೋ ನರಗುಂದಕ್ಕೋ ಹೋಗುವ ಹಳ್ಳಿಯ ರಸ್ತೆಗೆ ಗೇಟೆಲ್ಲಿಯದು? ಸುಗ್ಗಿಯಲ್ಲಿ ಅದು ಕಣವೂ ಹೌದು. ಕಡಲೆ, ಹುರುಳಿಯ ಬಳ್ಳಿ ಹರವಿ ಓಡಾಡುವ ಲಾರಿ, ಬಸ್ಸುಗಳ ಗಾಲಿಯಿಂದಲೇ ಒಕ್ಕಣೆ ಮಾಡಿಕೊಳ್ಳುವ ಜಾಗ. ರ‍್ಯಾಲಿ ಹಂತ ಶುರುವಾಗುವ ಮುನ್ನ ‘ಸೊನ್ನೆ’ ಸಂಖ್ಯೆಯ ಕಾರೊಂದು ಹಾದಿಯುದ್ದ ಓಡಿ, ಜನವೋ ದನವೋ ಅಡ್ಡ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬರುವ ಪದ್ಧತಿಯಿದೆ. ಅದು ಹೋದ ಮೇಲೂ ಯಾವ ಹೊಲದ ದಾರಿಯಿಂದ ಯಾರು ಡಾಂಬರಿಗೆ ಹತ್ತುತ್ತಾರೋ, ಕಾಯಲು ಪ್ರತಿ ಬದುವಿಗೊಬ್ಬ ಆಳು ಬೇಕು.